ಚಿತ್ರದುರ್ಗದಿಂದ ಲಡಾಖ್‌ಗೆ ಕಾರಿನಲ್ಲಿ: ಟೆಂಟು ಕಟ್ಟಿಕೊಂಡು ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಲಡಾಖ್‌ಗೆ ಕಾರಿನಲ್ಲಿ ಹೋಗಿಬಂದೆವು ಎಂದ ಕೂಡಲೇ ನಮ್ಮ ಕಡೆ ಜನ ಕೇಳುವುದು ಎರಡೇ ಪ್ರಶ್ನೆ: ಯಾವ ಗಾಡಿ, ದಿನಕ್ಕೆ ಎಷ್ಟು ಕಿಲೋಮೀಟರ್. ಚಿತ್ರದುರ್ಗದಿಂದ ಎರಡು ಸಲ ಹೋಗಿಬಂದಿದ್ದೇನೆ. ಈ ಪ್ರವಾಸ ಚೆನ್ನಾಗಿ ಆಗುವುದೂ ಕೆಡುವುದೂ ಬೇರೆಯೇ ಒಂದು ಲೆಕ್ಕದ ಮೇಲೆ: ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ. ಮೊದಲು ಆ ಲೆಕ್ಕ ಹಾಕಿ. ದಾರಿ, ರಜೆ, ಅಡುಗೆ, ಹಾಸಿಗೆ ಎಲ್ಲವನ್ನೂ ಆಮೇಲೆ ಅದಕ್ಕೆ ಹೊಂದಿಸಿ.

ಮೊದಲ ಸಲ ನಾವು ಈ ಲೆಕ್ಕ ಹಾಕಿರಲಿಲ್ಲ. ಚಿತ್ರದುರ್ಗ ಇರುವುದು ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿ, ಮನಾಲಿ 2,050 ಮೀಟರ್. ಬೆಳಿಗ್ಗೆ ಮನಾಲಿ ಬಿಟ್ಟು, ಅಟಲ್ ಸುರಂಗ ದಾಟಿ, 4,890 ಮೀಟರ್‌ನ ಬಾರಾಲಾಚಾ ಲಾ (ಲಾ ಎಂದರೆ ಬೆಟ್ಟಸಾಲು ದಾಟುವ ಕಣಿವೆದಾರಿ) ಹತ್ತಿಳಿದು, ಸಂಜೆಗೆ ಸರ್ಚುವಿನಲ್ಲಿ ಟೆಂಟು ಹಾಕಿದೆವು. ಸರ್ಚು 4,290 ಮೀಟರ್. ಮಲಗುವ ಎತ್ತರ ಒಂದೇ ದಿನದಲ್ಲಿ 2,200 ಮೀಟರ್‌ಗಿಂತ ಹೆಚ್ಚು ಏರಿತ್ತು. ರಾತ್ರಿ ಹತ್ತರ ಹೊತ್ತಿಗೆ ಅಕ್ಕನ ಗಂಡ ಕೂತಲ್ಲೇ ತಲೆ ಹಿಡಿದುಕೊಂಡರು.

"ಭಾವ, ಭಾಳ ನೋಯ್ತೈತಾ?"

"ಏನಿಲ್ಲ ಬಿಡೋ, ಮಲಗಿದ್ರೆ ಸರಿ ಹೋಗ್ತೈತೆ."

ಸರಿ ಹೋಗಲಿಲ್ಲ. ಹನ್ನೆರಡಕ್ಕೆ ವಾಂತಿ. ಒಂದು ಗಂಟೆಗೆ ಹೊರಗೆ ಹೋಗಲು ಎದ್ದವರಿಗೆ ಟೆಂಟಿನ ಜಿಪ್ ಸಿಗಲಿಲ್ಲ. ಕಣ್ಣೆದುರಿಗೇ ಇದ್ದ ಜಿಪ್ಪನ್ನು ಬೆರಳುಗಳು ತಡಕಾಡುತ್ತಿದ್ದವು, ಹೊರಗೆ ನಾಲ್ಕು ಹೆಜ್ಜೆ ಇಟ್ಟರೆ ಕಾಲು ತೂರಾಡುತ್ತಿತ್ತು. ಟೆಂಟನ್ನು ಅಲ್ಲೇ ಬಿಟ್ಟು ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆವು. ಸರ್ಚುವಿನ ನಿಜವಾದ ಅಪಾಯ ಆಗ ತಿಳಿಯಿತು: ಅಲ್ಲಿಂದ ಕೆಳಗಿಳಿಯಬೇಕಾದರೆ ಮೊದಲು ಇನ್ನೂ ಮೇಲೆ ಹತ್ತಬೇಕು. ಹಿಂದೆ ಬಾರಾಲಾಚಾ, ಮುಂದೆ 5,000 ಮೀಟರ್ ಮೀರಿದ ಲಾಚುಲುಂಗ್ ಲಾ. ಬೆಳಗಿನ ಜಾವ 3,200 ಮೀಟರ್‌ನ ಜಿಸ್ಪಾಕ್ಕೆ ಇಳಿದ ಮೇಲೆ ಭಾವ ನೀರು ಕೇಳಿದರು, ಮಧ್ಯಾಹ್ನಕ್ಕೆ ಊಟ ಮಾಡಿದರು. ತೆಳು ಗಾಳಿಗೆ ದೇಹ ಒಗ್ಗದೆ ಬರುವ ಎತ್ತರದ ಕಾಯಿಲೆ ಅದು. ಇನ್ನು ಮುಂದೆ ಬರೆಯುವುದೆಲ್ಲ ಆ ರಾತ್ರಿ ಕಲಿಸಿದ್ದು.

ರಾತ್ರಿಗಳ ಪಟ್ಟಿ

ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಲಂ ಗೆರೆ ಹಾಕಿ: ತಾರೀಖು, ಮಲಗುವ ಊರು, ಊರಿನ ಎತ್ತರ. ಕಿಲೋಮೀಟರ್ ಕಲಂ ಸದ್ಯಕ್ಕೆ ಬೇಡ. ಪರ್ವತ ವೈದ್ಯಕೀಯದಲ್ಲಿ ಒಪ್ಪಿತವಾದ ನಿಯಮ ಹೀಗಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಇದ್ದಲ್ಲೇ ಒಂದು ದಿನ ಉಳಿಯಬೇಕು. ಹಗಲು ಎತ್ತರದ ಕಣಿವೆ ದಾಟಿ ಮತ್ತೆ ಕೆಳಗಿಳಿದು ಮಲಗಿದರೆ ತೊಂದರೆ ಕಡಿಮೆ. ದೇಹ ಲೆಕ್ಕ ಇಡುವುದು ರಾತ್ರಿಯದ್ದನ್ನು.

ಅದಕ್ಕೇ ಹೋಗುವಾಗ ಶ್ರೀನಗರದ ದಾರಿ, ಬರುವಾಗ ಮನಾಲಿಯ ದಾರಿ. ಎಷ್ಟು ಜನ ಏನೇ ಹೇಳಿದರೂ ನಾನು ಇದನ್ನು ತಿರುಗಿಸುವುದಿಲ್ಲ. ಶ್ರೀನಗರ 1,585 ಮೀಟರ್, ಸೋನಾಮಾರ್ಗ್ ಸುಮಾರು 2,700, ಝೋಜಿ ಲಾ 3,528 ದಾಟಿ ಮತ್ತೆ ಕೆಳಗೆ ಕಾರ್ಗಿಲ್ ಸುಮಾರು 2,680, ಆಮೇಲೆ ಲಾಮಾಯುರು, ಲೇಹ್ ಎರಡೂ ಸುಮಾರು 3,500. ಎತ್ತರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಶ್ರೀನಗರ, ಸೋನಾಮಾರ್ಗ್, ಕಾರ್ಗಿಲ್, ಲಾಮಾಯುರು ನಾಲ್ಕು ಕಡೆ ಒಂದೊಂದು ರಾತ್ರಿ, ಲೇಹ್‌ನಲ್ಲಿ ಕನಿಷ್ಠ ಎರಡು ರಾತ್ರಿ ಇರಲಿ. ಲೇಹ್ ತಲುಪಿದ ಮಾರನೇ ದಿನ ಬಟ್ಟೆ ಒಗೆಯಿರಿ, ಮಾರ್ಕೆಟ್ಟಿಗೆ ನಿಧಾನ ನಡೆದು ಹೋಗಿ, ಗಾಡಿ ಮುಟ್ಟಬೇಡಿ.

ಅಲ್ಲಿಂದ ಖಾರ್ದುಂಗ್ ಲಾ ದಾಟಿ ನುಬ್ರಾ ಕಣಿವೆಗೆ. ಖಾರ್ದುಂಗ್ ಲಾದ ನೆತ್ತಿಯಲ್ಲಿ ಫೋಟೋ ತೆಗೆದುಕೊಂಡು ಹತ್ತು ಹದಿನೈದು ನಿಮಿಷದಲ್ಲಿ ಇಳಿದುಬಿಡಿ. ನುಬ್ರಾದ ಊರುಗಳು ಸುಮಾರು 3,100 ಮೀಟರ್, ಎರಡು ರಾತ್ರಿ ಆರಾಮಾಗಿ ಇರಬಹುದು. ಆಮೇಲೆ ಪಾಂಗಾಂಗ್ ಸರೋವರ, 4,200 ಮೀಟರ್ ಮೀರಿದ ಜಾಗ. ಇದು 500ರ ನಿಯಮವನ್ನು ಮೀರುವ ಜಿಗಿತವೇ. ಆದರೆ ಅಷ್ಟು ಹೊತ್ತಿಗೆ ನೀವು 3,000 ಮೀಟರ್ ಮೇಲೆ ಕನಿಷ್ಠ ಐದು ರಾತ್ರಿ ಕಳೆದಿರುತ್ತೀರಿ. ಲೇಹ್‌ನಲ್ಲಿ ಯಾರಿಗಾದರೂ ತಲೆನೋವು ಉಳಿದಿದ್ದರೆ ಪಾಂಗಾಂಗ್ ಬಿಟ್ಟುಬಿಡಿ.

ಪಾಂಗಾಂಗ್ ಆದ ಮೇಲೆ ಹಾನ್ಲೆ. ನನ್ನ ಮಟ್ಟಿಗೆ ಇಡೀ ಪ್ರವಾಸದ ಫಲ ಇದೇ. ಇಲ್ಲಿನ ಬೆಟ್ಟದ ಮೇಲೆ 4,500 ಮೀಟರ್ ಎತ್ತರದಲ್ಲಿ ನಮ್ಮ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ 2 ಮೀಟರ್ ದೂರದರ್ಶಕವನ್ನು ಉಪಗ್ರಹದ ಸಂಪರ್ಕದಲ್ಲಿ ನಡೆಸುವುದು ಹೊಸಕೋಟೆಯಿಂದ. ಕತ್ತಲನ್ನು ಕಾಪಾಡಲೆಂದೇ 2022ರಲ್ಲಿ ಈ ಸುತ್ತಿನ ಪ್ರದೇಶವನ್ನು ಕಾಯ್ದಿಟ್ಟ ಜಾಗವೆಂದು ಘೋಷಿಸಿದ್ದಾರೆ. ಹಾಗಾಗಿ ಸಂಜೆ ಬೆಳಕಿರುವಾಗಲೇ ತಲುಪಿ. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಓಡಾಡಬೇಡಿ, ಟಾರ್ಚಿಗೆ ಕೆಂಪು ಕಾಗದ ಸುತ್ತಿ. ಹಾನ್ಲೆಯಿಂದ ಉಮ್ಲಿಂಗ್ ಲಾ ಎಂಬ 5,798 ಮೀಟರ್‌ನ ರಸ್ತೆಗೆ ಹೋಗುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ನಾವು ಹೋಗಲಿಲ್ಲ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ನೀವೂ ಹೋಗಬೇಡಿ.

ಅಲ್ಲಿಂದ ತ್ಸೋ ಮೊರಿರಿ (ಸುಮಾರು 4,520), ತ್ಸೋ ಕಾರ್, ಮನಾಲಿ ರಸ್ತೆ ಸೇರಿ ಸರ್ಚು, ಜಿಸ್ಪಾ. ಮೊದಲ ಸಲ ನಮ್ಮನ್ನು ಓಡಿಸಿದ್ದ ಸರ್ಚುವಿನಲ್ಲೇ ಎರಡನೇ ಸಲ ಭಾವ ಎಂಟು ಗಂಟೆ ಗಾಢವಾಗಿ ನಿದ್ದೆ ಮಾಡಿದರು. ಜಾಗ ಅದೇ, ಬಂದ ದಿಕ್ಕು ಬೇರೆ.

ಯಾವಾಗ, ಎಷ್ಟು ದಿನ

ಸೆಪ್ಟೆಂಬರ್. ಜುಲೈ, ಆಗಸ್ಟ್‌ನಲ್ಲಿ ಲಡಾಖ್ ಒಣಗಿಯೇ ಇರುತ್ತದೆ, ಅದು ಮಳೆ ನೆರಳಿನ ನಾಡು. ಆದರೆ ಅಲ್ಲಿಗೆ ಮುಟ್ಟಿಸುವ ಹಿಮಾಚಲದ ಮಂಡಿ, ಕುಲು ರಸ್ತೆಗಳಲ್ಲಿ ಗುಡ್ಡ ಕುಸಿಯುತ್ತದೆ. 2023ರ ಜುಲೈನಲ್ಲಿ ಅಲ್ಲಿ ಆದ ಹಾನಿ ನೆನಪಿರಬಹುದು. ಅಕ್ಟೋಬರ್‌ಗೆ ಎತ್ತರದ ಕಣಿವೆಗಳಲ್ಲಿ ಹಿಮ ಶುರು. ಗೌರಿ ಗಣೇಶ ಹಬ್ಬ ಆಗಸ್ಟ್ ಕೊನೆಗೆ ಬಿದ್ದ ವರ್ಷ ಗಣಪತಿ ಕೂರಿಸಿ, ಪೂಜೆ ಮುಗಿಸಿ ಹೊರಟರೆ ಆಯುಧಪೂಜೆಗೆ ಗಾಡಿ ಮನೆ ಮುಂದೆ ಇರುತ್ತದೆ, ನಡುವೆ ಐದು ವಾರ ಸಿಗುತ್ತದೆ. ಹಬ್ಬ ಸೆಪ್ಟೆಂಬರ್ ಮಧ್ಯಕ್ಕೆ ಬಂದರೆ ಹಬ್ಬಕ್ಕೆ ಕಾಯದೆ ಹೊರಡುವುದೇ ಸರಿ.

ಒಟ್ಟು 30 ದಿನ ಇಟ್ಟುಕೊಳ್ಳಿ: ಹೋಗಲು ಏಳು, ಬರಲು ಆರು, ಮೇಲೆ ಹದಿಮೂರು, ಯಾವುದಕ್ಕೂ ಸೇರದ ನಾಲ್ಕು. ಈ ನಾಲ್ಕು ದಿನ ಪಟ್ಟಿಯಲ್ಲಿ ಖಾಲಿಯಾಗಿಯೇ ಇರಬೇಕು. ರಸ್ತೆ ಮುಚ್ಚಿದಾಗ, ಜ್ವರ ಬಂದಾಗ ಕೈ ಹಿಡಿಯುವುದು ಅವೇ. 30 ದಿನ ರಜೆ ಸಿಗದಿದ್ದರೆ ಪಾಂಗಾಂಗ್, ಹಾನ್ಲೆ ಕೈಬಿಡಿ. ಶ್ರೀನಗರ, ಲೇಹ್‌ಗಳ ರಾತ್ರಿಗಳಲ್ಲಿ ಮಾತ್ರ ಕತ್ತರಿ ಆಡಿಸಬೇಡಿ.

ಮನೆಯಿಂದ ತಪ್ಪಲಿನವರೆಗೆ

ನಮ್ಮ ಮುಂದೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ಚೆನ್ನೈ–ದೆಹಲಿ ರಸ್ತೆಯೇ. ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಪುಣೆ, ಮುಂಬೈ, ಅಹಮದಾಬಾದ್, ಜೈಪುರ ಎಂದು ನೇರ ಒಯ್ಯುತ್ತದೆ. ಆದರೆ ದೊಡ್ಡ ಊರುಗಳ ಟ್ರಾಫಿಕ್‌ನಲ್ಲೇ ಅರ್ಧ ಜೀವ ಹೋಗುತ್ತದೆ. ನಾನು ಹೇಳುವುದು ಚಿತ್ರದುರ್ಗದಿಂದ ಹೆದ್ದಾರಿ 50 ಹಿಡಿದು ಹೊಸಪೇಟೆ, ವಿಜಯಪುರ. ಅಲ್ಲಿಂದ ಹೆದ್ದಾರಿ 52: ಸೊಲ್ಲಾಪುರ, ಬೀಡ್, ಧುಳೆ, ಇಂದೋರ್, ಕೋಟಾ, ಜೈಪುರ, ಹಿಸಾರ್, ಪಂಜಾಬಿನ ಸಂಗ್ರೂರ್. ದೆಹಲಿ ಮುಟ್ಟುವುದೇ ಇಲ್ಲ. ದಾವಣಗೆರೆಯವರು ಹುಬ್ಬಳ್ಳಿಯಲ್ಲೇ 52 ಸೇರಬಹುದು. ಈ ದಾರಿಯಲ್ಲಿ ಔರಂಗಾಬಾದ್ (ಈಗಿನ ಹೆಸರು ಛತ್ರಪತಿ ಸಂಭಾಜಿನಗರ) ದಾಟಿದ ಮೇಲೆ ಕನ್ನಡ್ ಎಂಬ ತಾಲ್ಲೂಕು ಕೇಂದ್ರ ಸಿಗುತ್ತದೆ. ಮನೆ ಬಿಟ್ಟು ಎರಡನೇ ದಿನ ಆ ಬೋರ್ಡು ಕಂಡಾಗ ಗಾಡಿ ನಿಲ್ಲಿಸಿ ಟೀ ಕುಡಿದಿದ್ದೆವು.

ಬಯಲಿನಲ್ಲಿ ದಿನಕ್ಕೆ 450–500 ಕಿಲೋಮೀಟರ್ ಸಾಕು, ಕತ್ತಲಾದ ಮೇಲೆ ಓಡಿಸುವುದು ಬೇಡ. ಇಲ್ಲಿ ಟೆಂಟು ಹಾಕುವ ಹಟವೂ ಬೇಡ, ಲಾಡ್ಜ್‌ನಲ್ಲಿ ಸ್ನಾನ ಮಾಡಿ ಮಲಗಿ. ಲಡಾಖ್ ಸುತ್ತಾಟವೂ ಸೇರಿ ಹೋಗಿಬರುವುದು ಸುಮಾರು 7,500 ಕಿಲೋಮೀಟರ್. ಲೀಟರಿಗೆ 13 ಕೊಡುವ ಗಾಡಿಗೆ 580 ಲೀಟರ್ ಎಣ್ಣೆ ಬೇಕು, ಬಜೆಟ್ ಅಲ್ಲಿಂದ ಶುರು ಮಾಡಿ.

ಗಾಡಿ

ನಾಲ್ಕು ಚಕ್ರಕ್ಕೂ ಬಲ ಕೊಡುವ ಗಾಡಿಯೇ ಬೇಕೆಂದಿಲ್ಲ. ತಳ ನೆಲಕ್ಕೆ ತಾಗದಷ್ಟು ಎತ್ತರವಿದ್ದು, ಇಬ್ಬರು ಡ್ರೈವರ್ ಇದ್ದರೆ ಸಾಕು. ಹೊರಡುವ ಮೂರು ವಾರ ಮೊದಲು ಗ್ಯಾರೇಜಿಗೆ ಬಿಡಿ. ಹಿಂದಿನ ದಿನ ಸರ್ವಿಸ್ ಮಾಡಿಸಿದರೆ ಅದರಲ್ಲಿ ಆದ ತಪ್ಪು ಇಂದೋರಿನಲ್ಲಿ ಗೊತ್ತಾಗುತ್ತದೆ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಬ್ಯಾಟರಿ, ಐದೂ ಟೈರು (ಸ್ಟೆಪ್ನಿ ಸೇರಿ) ನೋಡಿಸಿ.

ಒಂದು ವಿಷಯ ನಮ್ಮ ಬಿಸಿಲು ಸೀಮೆಯವರಿಗೆ ಮುಖ್ಯ. ಇಲ್ಲಿ ಬೇಸಿಗೆಯಲ್ಲಿ ರೇಡಿಯೇಟರ್‌ಗೆ ಬರೀ ನೀರು ಸುರಿಯುವ ಅಭ್ಯಾಸವಿದೆ. ಆ ನೀರು ಸರ್ಚುವಿನ ರಾತ್ರಿ ಹೆಪ್ಪುಗಟ್ಟಿದರೆ ಹಿಗ್ಗಿ ರೇಡಿಯೇಟರನ್ನೇ ಸೀಳುತ್ತದೆ. ಪೂರ್ತಿ ಖಾಲಿ ಮಾಡಿಸಿ ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧರ್ಧ ತುಂಬಿಸಿ. ಆ ಮಿಶ್ರಣ ಸೊನ್ನೆಯ ಕೆಳಗೆ 35 ಡಿಗ್ರಿಯವರೆಗೆ ಗಟ್ಟಿಯಾಗುವುದಿಲ್ಲ.

ಎತ್ತರದಲ್ಲಿ ಗಾಳಿ ತೆಳು, ಟರ್ಬೊ ಇಲ್ಲದ ಎಂಜಿನ್ 5,000 ಮೀಟರ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಬಲ ಕಳೆದುಕೊಳ್ಳುತ್ತದೆ. ಫಸ್ಟ್ ಗೇರಿನಲ್ಲಿ ತಾಳ್ಮೆಯಿಂದ ಹತ್ತಿ. ಇಳಿಯುವಾಗಲೂ ಹತ್ತಿದ ಗೇರಿನಲ್ಲೇ ಇಳಿಯಿರಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಸುಟ್ಟ ವಾಸನೆ ಬಂದು ಬ್ರೇಕ್ ಹಿಡಿಯುವುದೇ ಇಲ್ಲ. ಟೈರಿನ ಗಾಳಿಯನ್ನು ತೆಳು ಹವೆ ಏರಿಸಿ ತೋರಿಸುತ್ತದೆ, ಚಳಿ ಇಳಿಸುತ್ತದೆ. ಊಹೆ ನಡೆಯುವುದಿಲ್ಲ, ಬೆಳಿಗ್ಗೆ ಹೊರಡುವ ಮುಂಚೆ ಗೇಜ್ ಹಿಡಿದು ನೋಡಿ.

ಡಿಕ್ಕಿಯಲ್ಲಿ ಇರಬೇಕಾದ್ದು: ಗಾಳಿ ತುಂಬುವ ಚಿಕ್ಕ ಕಂಪ್ರೆಸರ್, ಪಂಕ್ಚರ್ ಕಿಟ್, ಎಳೆಯುವ ಹಗ್ಗ, ಜಂಪರ್ ಕೇಬಲ್, ಪಾನಾ ಸೆಟ್, ಒಂದು ಲೀಟರ್ ಎಂಜಿನ್ ಆಯಿಲ್, ಫ್ಯೂಸ್, ಸಲಿಕೆ. ಜಾಕಿ ಕೆಳಗೆ ಇಡಲು ಒಂದು ಅಡಿ ಅಗಲದ ದಪ್ಪ ಹಲಗೆ ಮರೆಯಬೇಡಿ, ಮರಳಿನಲ್ಲಿ ಜಾಕಿ ಹೂತುಹೋಗುತ್ತದೆ.

ಹಾಸಿಗೆ, ಟೆಂಟು: ಮೊದಲು ಊರಲ್ಲೇ

ನಮ್ಮ ಊರಿಗೆ ಒಂದು ಭಾಗ್ಯವಿದೆ, ಅದು ಗಾಳಿ. ಸುತ್ತಲ ಬೆಟ್ಟಗಳ ಮೇಲೆ ಗಾಳಿಯಂತ್ರ ನಿಂತಿರುವುದು ಸುಮ್ಮನೆ ಅಲ್ಲ. ಜೂನ್, ಜುಲೈನಲ್ಲಿ ಪರಿಚಯದವರ ಹೊಲದ ಬದುವಿನ ಮೇಲೆ ಟೆಂಟು ಹಾಕಿ ಕಲಿಯಿರಿ. ಚಿತ್ರದುರ್ಗದ ಆಷಾಢದ ಗಾಳಿಯಲ್ಲಿ ನಿಂತ ಟೆಂಟು ಪಾಂಗಾಂಗ್‌ನಲ್ಲೂ ನಿಲ್ಲುತ್ತದೆ. ಕತ್ತಲಲ್ಲಿ, ಕೈಗವಸು ಹಾಕಿಕೊಂಡು, ಇಬ್ಬರೇ ಹತ್ತು ನಿಮಿಷದಲ್ಲಿ ಹಾಕುವಷ್ಟು ರೂಢಿಯಾಗಬೇಕು. ಗೂಟ ಹೋಗದ ಕಲ್ಲು ನೆಲದಲ್ಲಿ ಹಗ್ಗವನ್ನು ಗುಂಡುಗಲ್ಲಿಗೆ ಸುತ್ತುವುದನ್ನೂ ಅಲ್ಲೇ ಅಭ್ಯಾಸ ಮಾಡಿ. ಕಾಡಿನೊಳಗೆ, ಉದಾಹರಣೆಗೆ ಜೋಗಿಮಟ್ಟಿಯಲ್ಲಿ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ಉಳಿಯುವಂತಿಲ್ಲ.

ಸ್ಲೀಪಿಂಗ್ ಬ್ಯಾಗ್ ಕೊಳ್ಳುವಾಗ ಮೇಲೆ ಬರೆದಿರುವ ಎರಡು ಅಂಕಿಗಳಲ್ಲಿ 'ಕಂಫರ್ಟ್' ಎಂದಿರುವುದನ್ನು ನೋಡಿ, ಅದು ಮೈನಸ್ 5 ಡಿಗ್ರಿ ಇರಲಿ. ಇನ್ನೊಂದು ಅಂಕಿ ಸಹಿಸಿಕೊಂಡು ಮಲಗುವ ಮಟ್ಟ, ಸುಖನಿದ್ದೆಯದ್ದಲ್ಲ. ಚಳಿ ಹೆಚ್ಚಾಗಿ ಬರುವುದು ಕೆಳಗಿನ ನೆಲದಿಂದ. ಅದಕ್ಕೆ ನಾವು ಕಂಡುಕೊಂಡ ಉಪಾಯ ಚಳ್ಳಕೆರೆ ಕಂಬಳಿ. ಕುರಿ ಉಣ್ಣೆ ನೂತು ನೇಯ್ದು, ಹುಣಸೆ ಬೀಜದ ಗಂಜಿ ಕೊಟ್ಟ ಕರಿ ಕಂಬಳಿ ಹೊಸದಾಗಿದ್ದಾಗ ಹಪ್ಪಳದಂತೆ ಗಡಸು, ಮೈಗೆ ಚುಚ್ಚುತ್ತದೆ, ಕುರಿಹಟ್ಟಿಯ ವಾಸನೆ. ಹೊದೆಯಲು ಬೇಡ, ಹಾಸಲು ಅದಕ್ಕಿಂತ ಒಳ್ಳೆಯದಿಲ್ಲ. ಕೆಳಗೆ ಫೋಮ್ ಮ್ಯಾಟ್, ಮೇಲೆ ನಾಲ್ಕು ಮಡಿಕೆ ಕಂಬಳಿ, ಅದರ ಮೇಲೆ ಸ್ಲೀಪಿಂಗ್ ಬ್ಯಾಗ್. ತ್ಸೋ ಮೊರಿರಿಯಲ್ಲಿ ಬೆಳಿಗ್ಗೆ ಟೆಂಟಿನ ಒಳಮೈಯಲ್ಲಿ ನಮ್ಮ ಉಸಿರೇ ಮಂಜಾಗಿ ಅಂಟಿತ್ತು, ಬೆನ್ನು ಮಾತ್ರ ಬೆಚ್ಚಗಿತ್ತು.

ಅಡುಗೆ

ಪ್ರತಿ 300 ಮೀಟರ್‌ಗೆ ನೀರು ಕುದಿಯುವ ಉಷ್ಣತೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಸರ್ಚುವಿನಲ್ಲಿ 86 ಡಿಗ್ರಿಗೇ ನೀರು ಕೊತಕೊತ ಅನ್ನುತ್ತದೆ, ಬೇಳೆ ಬೇಯುವುದಿಲ್ಲ. ಕುಕ್ಕರ್ ಇಲ್ಲದೆ ಹೋಗಬೇಡಿ. ಕುಡಿಯುವ ನೀರನ್ನೂ ಅಲ್ಲಿ ಮೂರು ನಿಮಿಷ ಕುದಿಸಬೇಕು. ಅಂಗಡಿಯಲ್ಲಿ ಸಿಗುವ ಬರೀ ಬ್ಯೂಟೇನ್ ಕ್ಯಾನಿನ ಒಲೆ ಸೊನ್ನೆ ಡಿಗ್ರಿಯ ಹತ್ತಿರ ಉರಿಯುವುದೇ ಇಲ್ಲ. ಪ್ರೊಪೇನ್ ಬೆರೆತ ಕ್ಯಾನ್ ಅಥವಾ ಪಂಪು ಹೊಡೆಯುವ ಸೀಮೆಎಣ್ಣೆ ಸ್ಟೌ ಇರಲಿ. ಯಾವುದೇ ಒಲೆಯನ್ನು, ಎಷ್ಟೇ ಚಳಿಯಿರಲಿ, ಟೆಂಟಿನೊಳಗೆ ಹಚ್ಚಬೇಡಿ. ಎಂಜಿನ್ ಚಾಲೂ ಇಟ್ಟುಕೊಂಡು ಕಾರಿನಲ್ಲಿ ಮಲಗಲೂಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಎತ್ತರದಲ್ಲಿ ಹಸಿವೆ ಸತ್ತಿರುತ್ತದೆ, ಆದ್ದರಿಂದ ನಾಲಿಗೆಗೆ ಪರಿಚಯದ ಊಟವೇ ಬೇಕು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಅವಲಕ್ಕಿ ತಿಂಗಳು ಕೆಡುವುದಿಲ್ಲ. ದಾವಣಗೆರೆ ಮಂಡಕ್ಕಿ ಒಂದು ಚೀಲ ಇರಲಿ: ಬೇಯಿಸುವಂತಿಲ್ಲ, ತೂಕವಿಲ್ಲ, ಈರುಳ್ಳಿ ಹೆಚ್ಚಿ ಹಾಕಿದರೆ ಸಂಜೆಯ ತಿಂಡಿ ಆಯಿತು. ಎಲ್ಲಕ್ಕಿಂತ ಉಪಕಾರಕ್ಕೆ ಬಂದದ್ದು ರಾಗಿ ಹುರಿಹಿಟ್ಟು. ಬಿಸಿನೀರಿಗೆ ಹಿಟ್ಟು, ಬೆಲ್ಲ ಹಾಕಿ ಕಲಸಿದರೆ ಬೆಳಗಿನ ಊಟ. ಲಡಾಖಿನವರು ಹುರಿದ ಬಾರ್ಲಿ ಹಿಟ್ಟನ್ನು ಹೀಗೇ ಕಲಸಿ ತಿನ್ನುತ್ತಾರೆ. ನಮ್ಮ ಡಬ್ಬಿ ನೋಡಿದ ಅಲ್ಲಿಯ ಅಜ್ಜಿಯೊಬ್ಬರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ತಮ್ಮ ಹಿಟ್ಟು ಒಂದು ಬಟ್ಟಲು ತಂದು ಕೊಟ್ಟರು.

ಡೇರೆ ಹಾಕುವ ಜಾಗ, ಹಳ್ಳ ದಾಟುವ ಹೊತ್ತು

ನಮ್ಮಲ್ಲಿ ಹಳ್ಳ ಬರುವುದು ಮಳೆ ಬಿದ್ದಾಗ, ಅಲ್ಲಿ ಹಳ್ಳ ಬರುವುದು ಬಿಸಿಲು ಬಿದ್ದಾಗ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನ ಹಿಮ ಕರಗಿ ಬಂಪರ್ ಮುಟ್ಟುತ್ತದೆ. ರಸ್ತೆಗೆ ಅಡ್ಡ ಹರಿಯುವ ಹಳ್ಳಗಳನ್ನು ಬೆಳಿಗ್ಗೆ ಹತ್ತರೊಳಗೆ ದಾಟುವಂತೆ ದಿನದ ಓಟ ಹೊಂದಿಸಿ. ಒಣಗಿದ ಹಳ್ಳದ ಪಾತ್ರ ಸಮತಟ್ಟಾಗಿ ಎಷ್ಟೇ ಕರೆದರೂ ಅಲ್ಲಿ ಟೆಂಟು ಬೇಡ. ಕಲ್ಲು ಉದುರುವ ಇಳಿಜಾರಿನ ಬುಡವೂ ಬೇಡ. ಬೆಳಗಿನ ಬಿಸಿಲು ಮೊದಲು ಬೀಳುವ ಕಡೆ, ಬಾಗಿಲು ಗಾಳಿಗೆ ಬೆನ್ನಾಗುವಂತೆ, ಕಾರನ್ನು ಗೋಡೆಯಂತೆ ಅಡ್ಡ ನಿಲ್ಲಿಸಿ ಹಾಕಿ.

ಸರೋವರದ ದಂಡೆಯ ಮೇಲೆ ಟೆಂಟು ಹಾಕುವ ಚಿತ್ರ ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ದಯವಿಟ್ಟು ಬೇಡ. ತ್ಸೋ ಮೊರಿರಿ, ತ್ಸೋ ಕಾರ್ ಎರಡೂ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳೆಂದು ರಾಮ್ಸಾರ್ ಪಟ್ಟಿಗೆ ಸೇರಿದವು, ಕಪ್ಪು ಕೊರಳಿನ ಕೊಕ್ಕರೆ ಮರಿ ಮಾಡುವ ಜಾಗ. ಆ ಹುಲ್ಲಿನ ಮೇಲೆ ಒಮ್ಮೆ ಹರಿದ ಟೈರಿನ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಊರಿಗೆ ಹೋಗಿ, ಮನೆಯವರನ್ನು ಕೇಳಿ, ಅವರ ಅಂಗಳದಲ್ಲಿ ಹಾಕಿ ಅದಕ್ಕೆ ಹಣ ಕೊಡಿ. ಬಯಲಿಗೆ ಹೋಗಬೇಕಾದರೆ ನೀರಿನಿಂದ 60 ಮೀಟರ್ ದೂರ, ಗೇಣುದ್ದ ಗುಂಡಿ ತೋಡಿ ಮುಚ್ಚಿ. ಕಸವೆಲ್ಲ ನಿಮ್ಮ ಗಾಡಿಯಲ್ಲೇ ವಾಪಸ್ ಲೇಹ್ ಅಥವಾ ಮನಾಲಿಗೆ. ಗಡಿಯ ಕಡೆ ರಸ್ತೆ ಬಿಟ್ಟು ಇಳಿಯಬೇಡಿ, ಸೈನಿಕರು ಬೇಡ ಎಂದರೆ ವಾದ ಬೇಡ.

ಎಣ್ಣೆ, ಫೋನು, ಕಾಗದ

ಮನಾಲಿಯಿಂದ ಲೇಹ್‌ಗೆ ಹೋಗುವ ರಸ್ತೆಯಲ್ಲಿರುವ ತಾಂಡಿಯ ಪೆಟ್ರೋಲ್ ಬಂಕಿನ ಬೋರ್ಡು ಪ್ರಸಿದ್ಧ: ಮುಂದಿನ ಬಂಕ್ 365 ಕಿಲೋಮೀಟರ್. ನಮ್ಮ ಪಟ್ಟಿಯಂತೆ ಹೋದರೆ ಲೇಹ್ ಬಳಿಯ ಕಾರುವಿನಲ್ಲಿ ಟ್ಯಾಂಕ್ ತುಂಬಿಸಿ ಪಾಂಗಾಂಗ್, ಹಾನ್ಲೆ, ತ್ಸೋ ಮೊರಿರಿ ಸುತ್ತಿ ತಾಂಡಿಗೆ ಬರುವಷ್ಟರಲ್ಲಿ ಸುಮಾರು 800 ಕಿಲೋಮೀಟರ್. ಟ್ಯಾಂಕ್ ಜೊತೆಗೆ 20 ಲೀಟರ್ ಜೆರ್ರಿಕ್ಯಾನ್ ಬೇಕೇ ಬೇಕು. ನಡುವೆ ಬಂಕ್ ಸಿಕ್ಕರೆ ಸಂತೋಷ, ಅದನ್ನು ನಂಬಿ ಹೊರಡಬೇಡಿ. ಕ್ಯಾನನ್ನು ಕುತ್ತಿಗೆವರೆಗೆ ತುಂಬಬೇಡಿ, ಎತ್ತರದಲ್ಲಿ ಮುಚ್ಚಳವನ್ನು ನಿಧಾನಕ್ಕೆ ಸಡಿಲಿಸಿ.

ಜಮ್ಮು ಕಾಶ್ಮೀರ, ಲಡಾಖ್‌ನಲ್ಲಿ ಹೊರಗಿನ ಪ್ರೀಪೇಯ್ಡ್ ಸಿಮ್ ನಡೆಯುವುದಿಲ್ಲ. ಹೊರಡುವ ತಿಂಗಳು ಮೊದಲೇ ಒಬ್ಬರದ್ದಾದರೂ ಪೋಸ್ಟ್‌ಪೇಯ್ಡ್‌ಗೆ ಬದಲಾಯಿಸಿ. ಆದರೂ ಹಾನ್ಲೆ ಕಡೆ ಸಿಗ್ನಲ್ ನಂಬುವಂತಿಲ್ಲ. ಮನೆಯವರಿಗೆ ರಾತ್ರಿಗಳ ಪಟ್ಟಿಯ ಒಂದು ಪ್ರತಿ ಕೊಟ್ಟು, ಇಂಥ ದಿನದೊಳಗೆ ಫೋನ್ ಬರದಿದ್ದರೆ ಮಾತ್ರ ಗಾಬರಿಯಾಗಿ ಎಂದು ಹೇಳಿ ಬನ್ನಿ. ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ, ಲೈಸೆನ್ಸ್, ಆಧಾರ್ ಎಲ್ಲವೂ ಕಾಗದದಲ್ಲಿ ಇರಲಿ, ನೆಟ್‌ವರ್ಕ್ ಇಲ್ಲದ ಚೆಕ್‌ಪೋಸ್ಟಿನಲ್ಲಿ ಮೊಬೈಲ್ ತೋರಿಸಲಾಗದು. ಲಡಾಖ್ ಆಡಳಿತಕ್ಕೆ ಆನ್‌ಲೈನ್‌ನಲ್ಲಿ ಪರಿಸರ ಶುಲ್ಕ ಕಟ್ಟಿ ರಸೀದಿಯ ನಾಲ್ಕೈದು ಪ್ರಿಂಟ್ ಇಟ್ಟುಕೊಳ್ಳಿ. ಗಡಿ ಪ್ರದೇಶದ ಪರವಾನಗಿ ನಿಯಮ ಆಗಾಗ ಬದಲಾಗುತ್ತದೆ, ಲೇಹ್‌ನಲ್ಲಿ ಬಿಡುವಿನ ದಿನ ವಿಚಾರಿಸಿ. ಝೋಜಿ ಲಾದಲ್ಲಿ ಒಂದೊಂದು ಹೊತ್ತಿಗೆ ಒಂದೊಂದು ದಿಕ್ಕಿನ ಗಾಡಿ ಬಿಡುವುದುಂಟು, ಹಿಂದಿನ ಸಂಜೆಯೇ ಸೋನಾಮಾರ್ಗ್‌ನಲ್ಲಿ ಕೇಳಿ.

ಮೈ

ಹೊರಡುವ ತಿಂಗಳು ಮೊದಲು ಎಲ್ಲರೂ ವೈದ್ಯರನ್ನು ಕಾಣಿ. ಬಿಪಿ, ಹೃದಯ, ಉಸಿರಾಟದ ತೊಂದರೆ ಇದ್ದವರು ತಪ್ಪಿಸಲೇಬಾರದು. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸಿಟಜೋಲಮೈಡ್ ಮಾತ್ರೆ ತೆಗೆದುಕೊಳ್ಳಬೇಕೇ, ಎಷ್ಟು ಎಂಬುದನ್ನು ಅವರೇ ಹೇಳಲಿ, ಸಲ್ಫಾ ಔಷಧಿ ಆಗದವರು ಅದನ್ನು ಮೊದಲೇ ತಿಳಿಸಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಓಆರ್‌ಎಸ್, ಪ್ಯಾರಾಸಿಟಮಾಲ್ ಜೊತೆಗಿರಲಿ. ಮೊದಲ ವಾರ ಮದ್ಯ ಬೇಡ, ನಿದ್ದೆ ಮಾತ್ರೆ ಬೇಡ.

ಸಾಧಾರಣ ತಲೆನೋವು, ಹಸಿವಿಲ್ಲದಿರುವುದು ಇದ್ದರೆ ಅಲ್ಲೇ ಉಳಿಯಿರಿ, ಇನ್ನೂ ಮೇಲೆ ಹೋಗಬೇಡಿ. ಕೂತಲ್ಲೇ ಏದುಸಿರು, ನೊರೆ ಕೆಮ್ಮು, ಮಾತು ತೊದಲುವುದು, ನೇರ ಗೆರೆಯ ಮೇಲೆ ನಡೆಯಲಾಗದಿರುವುದು, ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, ಆ ಕ್ಷಣವೇ ಕೆಳಗಿಳಿಯಿರಿ. ಅಂಗಡಿಯಲ್ಲಿ ಮಾರುವ ಚಿಕ್ಕ ಆಕ್ಸಿಜನ್ ಡಬ್ಬಿ ಕೆಲವೇ ನಿಮಿಷ ಬರುತ್ತದೆ, ಇಳಿಯುವುದಕ್ಕೆ ಅದು ಬದಲಿಯಲ್ಲ. ನಮ್ಮವರು ಬಾಯಿ ಬಿಟ್ಟು ಹೇಳುವುದಿಲ್ಲ, ಹಿರಿಯರಂತೂ ಇತರರ ಪ್ರವಾಸ ಕೆಡಬಾರದೆಂದು ನುಂಗಿಕೊಳ್ಳುತ್ತಾರೆ. ಆದ್ದರಿಂದ ಪ್ರತಿ ಸಂಜೆ ಊಟಕ್ಕೆ ಮೊದಲು ಎಲ್ಲರನ್ನೂ ಒಂದು ಗೆರೆಯ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಸಿ. ಎರಡನೇ ಸಲ ನಮ್ಮ ಸಾಲಿನಲ್ಲಿ ಮೊದಲು ನಡೆದು ತೋರಿಸುತ್ತಿದ್ದವರು ಭಾವ.